ಕರುಳಿನ ಗೋಡೆಯೂ ಅದರ ಕಾವಲುಗಾರರೂ

ಊಟಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ಕೇಳದವರಿಲ್ಲ. ಊಟವನ್ನು ಬಲ್ಲವರು ನಾವೇ ಎಂಬುದು ನಮ್ಮ ಎಣಿಕೆ. ಆದರೆ ತುತ್ತು ಗಂಟಲಿನಿಂದ ಕೆಳಗಿಳಿದ ಮೇಲೆ ಅದನ್ನು ಬಲ್ಲುದು ನಮ್ಮ ಬುದ್ಧಿಯಲ್ಲ, ನಮ್ಮ ಕರುಳು. ಅನ್ನ, ಬೇಳೆ, ಹಾಲು, ಮಜ್ಜಿಗೆ ಇವೆಲ್ಲವೂ ದೇಹದ ದೃಷ್ಟಿಯಿಂದ ಪರಕೀಯ ವಸ್ತುಗಳೇ ಸರಿ. ಹಾಲನ್ನು ಸೂಜಿಯ ಮೂಲಕ ಮೈಗೆ ಚುಚ್ಚಿದರೆ ದೇಹವು ಅದನ್ನು ಶತ್ರುವೆಂದು ಬಗೆದು ಜ್ವರವೇರಿಸಿಕೊಂಡು ಸೆಣಸಲು ನಿಲ್ಲುತ್ತದೆ. ಅದೇ ಹಾಲು ಬಾಯಿಯ ಮೂಲಕ ಬಂದರೆ ಬೀಗರನ್ನು ಕಂಡಂತೆ ಆದರಿಸಿ ಒಳಗೆ ಕರೆದುಕೊಳ್ಳುತ್ತದೆ. ಇಷ್ಟೇ ಅಲ್ಲ, ನಮ್ಮ ದೇಹದಲ್ಲಿ, ಮುಖ್ಯವಾಗಿ ದೊಡ್ಡ ಕರುಳಿನಲ್ಲಿ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳು ಬಿಡಾರ ಹೂಡಿಕೊಂಡಿವೆಯೆಂದು ಲೆಕ್ಕ ಹಾಕಿದ್ದಾರೆ. ಇವುಗಳನ್ನು ಕರುಳು ಸಹಿಸಿಕೊಂಡಿರುತ್ತದೆ. ಆದರೆ ಕಾಲರದ ಅಥವಾ ಆಮಶಂಕೆಯ ರೋಗಾಣು ಬಂದರೆ ಅದರೊಡನೆ ಕಾದಾಡಲೇಬೇಕು. ಅನ್ನವನ್ನು ಒಳಗೆ ಬಿಡುವುದು, ನೆರೆಯವರನ್ನು ಸಹಿಸುವುದು, ಕಳ್ಳನನ್ನು ಹಿಡಿಯುವುದು: ಈ ಮೂರು ಕೆಲಸಗಳೂ ಒಂದೇ ಬಾಗಿಲಿನಲ್ಲಿ ನಡೆಯತಕ್ಕವು.

ಈ ವಿವೇಕವು ಕರುಳಿಗೆ ಎಲ್ಲಿಂದ ಬಂದಿತು? ಕರುಳಿನ ಒಳಪದರಕ್ಕೂ ಅದರ ಹಿಂದೆ ನಿಂತಿರುವ ರಕ್ಷಕ ಕೋಶಗಳಿಗೂ ಎಡೆಬಿಡದೆ ನಡೆಯುವ ಸಂಭಾಷಣೆಯಿಂದ ಎಂಬುದು ಇಂದಿನ ವಿಜ್ಞಾನದ ಉತ್ತರ. ಆದರೆ ಜೀವಂತ ಮನುಷ್ಯನ ಹೊಟ್ಟೆಯೊಳಗೆ ಕಿವಿಯಿಟ್ಟು ಈ ಸಂಭಾಷಣೆಯನ್ನು ಆಲಿಸುವುದು ಸಾಧ್ಯವಿಲ್ಲ. ಆದಕಾರಣ ವಿಜ್ಞಾನಿಗಳು ಪ್ರಯೋಗಶಾಲೆಯ ಬಟ್ಟಲುಗಳಲ್ಲಿ ಕರುಳಿನ ಚಿಕ್ಕ ಚಿಕ್ಕ ಮಾದರಿಗಳನ್ನು ಕಟ್ಟಿ, ಅವುಗಳಿಂದ ಈ ಗುಟ್ಟನ್ನು ಅರಿಯಲೆತ್ನಿಸಿದ್ದಾರೆ. ಆ ಮಾದರಿಗಳು ಎಂತಹವು, ಅವು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಕರುಳಿನ ಮಾತೇಕೆ ಎಂದು ಮಿತ್ರರು ಕೇಳಬಹುದು. ಮಾದರಿಗಳನ್ನು ಕಟ್ಟುವುದು ಜೀವಶಾಸ್ತ್ರಜ್ಞರ ಗುತ್ತಿಗೆಯೇನೂ ಅಲ್ಲವೆಂಬುದೇ ನನ್ನ ಉತ್ತರ. ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆಂದು ಹೇಳುವಾಗ ಅರ್ಥಶಾಸ್ತ್ರಜ್ಞನು 'ಇತರ ಅಂಶಗಳು ಬದಲಾಗದಿದ್ದರೆ' ಎಂಬ ಷರತ್ತನ್ನು ಸೇರಿಸುತ್ತಾನಷ್ಟೆ. ಆ ಇತರ ಅಂಶಗಳು ಯಾವುವು, ಅವು ನಿಜವಾಗಿಯೂ ಬದಲಾಗದೆ ಇರುವುವೇ ಎಂದು ಕೇಳಲು ನಮಗೆ ತರಗತಿಯಲ್ಲಿ ಕಲಿಸುತ್ತಾರೆ. ಅದೇ ಪ್ರಶ್ನೆಯನ್ನು ಬಟ್ಟಲಿನ ಕರುಳಿಗೂ ಕೇಳಬಹುದು, ಕೇಳಲೇಬೇಕು.

ಮೊದಲು ಗೋಡೆಯನ್ನು ಪರಿಚಯ ಮಾಡಿಕೊಳ್ಳೋಣ. ಜೀರ್ಣನಾಳದ ಒಳಮೈಯನ್ನು ಬಿಡಿಸಿ ಹಾಸಿದರೆ ಒಂದು ಟೆನಿಸ್ ಅಂಗಣದಷ್ಟಾಗುವುದೆಂದು ಪಠ್ಯಪುಸ್ತಕಗಳು ಬಹುಕಾಲ ಬರೆಯುತ್ತಿದ್ದುವು. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಮತ್ತೊಮ್ಮೆ ಅಳೆದು ನೋಡಿ, ಅದು ಸುಮಾರು 32 ಚದರ ಮೀಟರ್ ಮಾತ್ರ ಎಂದು ತೋರಿಸಿದರು. ಅಂದರೆ ಅರ್ಧ ಬ್ಯಾಡ್ಮಿಂಟನ್ ಅಂಗಣಕ್ಕೂ ತುಸು ಕಡಿಮೆ. ಇಷ್ಟಗಲದ ಈ ಗಡಿಯನ್ನು ಕಾಯುತ್ತಿರುವ ಗೋಡೆಯ ದಪ್ಪ ಒಂದೇ ಒಂದು ಜೀವಕೋಶ! ಮಿಲಿಮೀಟರಿನ ಹತ್ತನೆಯ ಒಂದು ಪಾಲೂ ಇಲ್ಲ. ಸಣ್ಣ ಕರುಳಿನಲ್ಲಿ ಈ ಪದರವು ಬೆರಳುಗಳಂತೆ ಮೇಲೆದ್ದು ಅಂಕುರಗಳಾಗಿಯೂ, ಅವುಗಳ ಬುಡದಲ್ಲಿ ತಗ್ಗಿ ಕುಳಿಗಳಾಗಿಯೂ ಇದೆ. ಕುಳಿಗಳ ತಳದಲ್ಲಿ ಮೂಲಕೋಶಗಳಿವೆ. ಅಲ್ಲಿ ಹುಟ್ಟಿದ ಮರಿಕೋಶಗಳು ಮೆಲ್ಲಮೆಲ್ಲನೆ ಮೇಲಕ್ಕೆ ಸರಿದು, ಅಂಕುರದ ತುದಿಯನ್ನು ಮುಟ್ಟಿ, ಉದುರಿಹೋಗುತ್ತವೆ. ಹೀಗೆ ಮೂರರಿಂದ ಐದು ದಿನಗಳಿಗೊಮ್ಮೆ ಗೋಡೆಯೆಲ್ಲವೂ ಹೊಸದಾಗುತ್ತದೆ. ಪದರದಲ್ಲಿ ಆಹಾರವನ್ನು ಹೀರುವ ಕೋಶಗಳೇ ಹೆಚ್ಚು. ಲೋಳೆಯನ್ನು ಸುರಿಸುವ ಕೋಶಗಳೂ, ರೋಗಾಣುಗಳನ್ನು ಕೊಲ್ಲುವ ರಸವನ್ನು ಕುಳಿಯೊಳಗೆ ಸ್ರವಿಸುವ ಪಾನೆತ್ ಕೋಶಗಳೂ ನಡುನಡುವೆ ಇವೆ. ಕೋಶಕ್ಕೂ ಕೋಶಕ್ಕೂ ನಡುವಣ ಸಂದನ್ನು ಬಿಗಿಯಾಗಿ ಬೆಸೆದಿರುವ ಕಟ್ಟುಗಳನ್ನು 1963ರಲ್ಲಿ ಫಾರ್ಕ್ವಾರ್ ಮತ್ತು ಪಲಾಡೆ ಎಂಬುವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡು ವಿವರಿಸಿದರು. ಇಟ್ಟಿಗೆಗಳ ನಡುವೆ ಗಾರೆಯಿದ್ದಂತೆ ಈ ಕಟ್ಟುಗಳು. ಆದರೆ ಇದು ಜೀವವುಳ್ಳ ಗಾರೆ. ಬೇಕಾದಾಗ ಸಡಿಲವಾಗಬಲ್ಲುದು, ಬಿಗಿಯಾಗಬಲ್ಲುದು.

ಇನ್ನು ಕಾವಲುಗಾರರು. ಗೋಡೆಯ ಹಿಂಭಾಗದಲ್ಲಿ ಬಿಳಿಯ ರಕ್ತಕಣಗಳ ಬಳಗವೆಲ್ಲ ನೆರೆದಿದೆ. ಸಿಕ್ಕಿದ್ದನ್ನು ನುಂಗುವ ಮ್ಯಾಕ್ರೋಫೇಜುಗಳು, ಸಾಕ್ಷ್ಯವನ್ನು ಸಂಗ್ರಹಿಸಿ ಇತರರಿಗೆ ತೋರಿಸುವ ಕವಲುಕೋಶಗಳು, ಆ ಸಾಕ್ಷ್ಯವನ್ನು ನೋಡಿ ತೀರ್ಮಾನ ಮಾಡುವ 'ಟಿ' ಕೋಶಗಳು, ಪ್ರತಿಕಾಯಗಳನ್ನು ತಯಾರಿಸುವ ಪ್ಲಾಸ್ಮ ಕೋಶಗಳು ಇವರಲ್ಲಿ ಮುಖ್ಯರು. ಇಡೀ ದೇಹದ ಪ್ಲಾಸ್ಮ ಕೋಶಗಳಲ್ಲಿ ಬಹುಪಾಲು ಕರುಳಿನಲ್ಲಿಯೇ ಇವೆ. ಅಲ್ಲಲ್ಲಿ ಈ ಕಾವಲುಗಾರರು ಗುಂಪುಗೂಡಿ ಠಾಣೆಗಳನ್ನೇ ಕಟ್ಟಿಕೊಂಡಿದ್ದಾರೆ. ಇವನ್ನು 1677ರಲ್ಲಿ ವಿವರಿಸಿದ ಸ್ವಿಸ್ ವೈದ್ಯ ಪೇಯರನ ಹೆಸರಿನಿಂದ ಅವು ಪೇಯರನ ತೇಪೆಗಳೆಂದು ಪ್ರಸಿದ್ಧವಾಗಿವೆ.

ಗೋಡೆ ಸೋರಿದರೆ ರೋಗಾಣುಗಳು ನುಗ್ಗುತ್ತವೆ. ಕಾವಲುಗಾರರು ಅತಿಯಾಗಿ ಎಚ್ಚರಗೊಂಡರೆ ಬೇಲಿಯೇ ಎದ್ದು ಹೊಲ ಮೇಯ್ದಂತಾಗುತ್ತದೆ. ಕ್ರೋನ್ ಕಾಯಿಲೆ, ಕರುಳುಹುಣ್ಣಿನ ಉರಿಯೂತ ಮೊದಲಾದುವು ಈ ಎರಡನೆಯ ಬಗೆಯವು. ಎಳೆಯ ವಯಸ್ಸಿನಲ್ಲಿಯೇ ಹತ್ತಿ, ಬಾಳಿನುದ್ದಕ್ಕೂ ಹೊಟ್ಟೆನೋವು, ರಕ್ತಭೇದಿ, ನಿಶ್ಶಕ್ತಿಗಳಿಂದ ಕಾಡುವ ಕಾಯಿಲೆಗಳಿವು. ಇವುಗಳಲ್ಲಿ ಮೊದಲು ಕೆಟ್ಟದ್ದು ಗೋಡೆಯೋ ಕಾವಲುಗಾರನೋ? ರೋಗಿಯ ಕರುಳನ್ನು ನೋಡಿ ಇದನ್ನು ಹೇಳಲಾಗದು. ಏಕೆಂದರೆ ವೈದ್ಯರ ಕಣ್ಣಿಗೆ ಬೀಳುವ ಹೊತ್ತಿಗೆ ಎರಡೂ ಕೆಟ್ಟಿರುತ್ತವೆ. ಇಲಿಗಳಿಂದ ಬಹಳಷ್ಟು ತಿಳಿದಿದೆ, ನಿಜ. ಆದರೆ ಇಲಿಯ ಊಟ ಬೇರೆ, ಅದರ ಕರುಳಿನ ಜೀವಾಣುಗಳು ಬೇರೆ, ರಕ್ಷಣೆಯ ವಿವರಗಳೂ ಬೇರೆ. ಮಾದರಿಗಳು ಹುಟ್ಟಿಕೊಂಡುದು ಇಂತಹ ಇಕ್ಕಟ್ಟಿನಿಂದ.

ಈ ವಂಶದ ಮೂಲಪುರುಷನೆಂದರೆ ಡೆನ್ಮಾರ್ಕಿನ ಹಾನ್ಸ್ ಉಸಿಂಗನ ಪೆಟ್ಟಿಗೆ. ಆತನು ಕಪ್ಪೆಯ ಚರ್ಮದ ತುಂಡೊಂದನ್ನು ಎರಡು ದ್ರವಗಳ ನಡುವೆ ತೆರೆಯಂತೆ ಬಿಗಿದು, ಅದರ ಮೂಲಕ ಸೋಡಿಯಮ್ ಹಾಯುವುದನ್ನು ವಿದ್ಯುತ್ತಿನಿಂದ ಅಳೆಯುವ ವಿಧಾನವನ್ನು 1951ರಲ್ಲಿ ಪ್ರಕಟಿಸಿದನು. ಮುಂದೆ ಕಪ್ಪೆಯ ಚರ್ಮದ ಸ್ಥಾನದಲ್ಲಿ ಕರುಳಿನ ತುಂಡನ್ನು ಇರಿಸಿದರು. ಇದರಲ್ಲಿ ಗೋಡೆಯೂ ಇದೆ, ಕಾವಲುಗಾರರೂ ಇದ್ದಾರೆ. ಆದರೆ ತುಂಡು ಬದುಕಿರುವುದು ಕೆಲವೇ ಗಂಟೆ. ಮೇಲಾಗಿ ಎಲ್ಲರೂ ಒಟ್ಟಿಗೆ ಇರುವ ಕಾರಣದಿಂದಲೇ ಯಾವ ಕೆಲಸ ಯಾರದೆಂದು ಬೇರ್ಪಡಿಸಿ ಹೇಳುವುದು ಕಷ್ಟ. ಸಂತೆಯ ಗದ್ದಲದಲ್ಲಿ ಇಬ್ಬರ ಮಾತನ್ನು ಕೇಳಬಯಸಿದಂತೆ.

ಹಾಗಾದರೆ ಒಬ್ಬೊಬ್ಬರನ್ನೇ ಬೇರೆ ಮಾಡಿ ನೋಡಬೇಕು. ಇದಕ್ಕೆ ನೆರವಾದುದು, ವಿಚಿತ್ರವೆನಿಸಿದರೂ, ಅರ್ಬುದರೋಗ. ಆರೋಗ್ಯವಂತ ಕರುಳಿನ ಕೋಶಗಳನ್ನು ಬಟ್ಟಲಿಗೆ ಹಾಕಿದರೆ ಅವು ಬೇಗನೆ ಸಾಯುತ್ತವೆ. ಅರ್ಬುದದ ಕೋಶಗಳಿಗೆ ಸಾವಿಲ್ಲ. 1977ರಲ್ಲಿ ನ್ಯೂಯಾರ್ಕಿನ ಸ್ಲೋನ್–ಕೆಟರಿಂಗ್ ಸಂಸ್ಥೆಯಲ್ಲಿ ಯೋರ್ಗೆನ್ ಫೋಗ್ ಎಂಬಾತನು 72 ವರ್ಷದ ರೋಗಿಯೊಬ್ಬನ ದೊಡ್ಡ ಕರುಳಿನ ಗಡ್ಡೆಯಿಂದ ಕೋಶಗಳನ್ನು ತೆಗೆದು ಬೆಳೆಸಿದನು. ಅವುಗಳ ಹೆಸರು ಕಾಕೋ-2. ಇವುಗಳನ್ನು ತುಂಬಿ ನಿಲ್ಲುವವರೆಗೆ ಬೆಳೆಯಬಿಟ್ಟರೆ ತಮ್ಮ ಹಳೆಯ ಕಸುಬನ್ನು ನೆನಸಿಕೊಂಡವುಗಳಂತೆ ಸಣ್ಣ ಕರುಳಿನ ಹೀರುಕೋಶಗಳ ರೂಪವನ್ನು ತಾಳುವುವೆಂದು 1983ರ ಹೊತ್ತಿಗೆ ತಿಳಿಯಿತು. 1989ರಲ್ಲಿ ಅಮೆರಿಕದ ಹಿಡಾಲ್ಗೊ ಮತ್ತು ಸಂಗಡಿಗರು ಇವನ್ನು ಅತಿ ಸಣ್ಣ ರಂಧ್ರಗಳುಳ್ಳ ಪ್ಲಾಸ್ಟಿಕ್ ಜರಡಿಯ ಮೇಲೆ ಬೆಳೆಸಿ, ಆ ಜರಡಿಯನ್ನು ಬಟ್ಟಲಿನಲ್ಲಿ ತೂಗಬಿಟ್ಟು, ಔಷಧಗಳು ಕರುಳನ್ನು ಹೇಗೆ ದಾಟುತ್ತವೆಂಬುದನ್ನು ಪರೀಕ್ಷಿಸಲು ಉಪಯೋಗಿಸಬಹುದೆಂದು ತೋರಿಸಿದರು. ಜರಡಿಯ ಮೇಲಿನ ದ್ರವ ಕರುಳಿನ ಒಳಭಾಗ. ಕೆಳಗಿನ ದ್ರವ ರಕ್ತದ ಕಡೆ. ನಡುವೆ ಮೂರು ವಾರ ಬೆಳೆದ ಗೋಡೆ. ಗೋಡೆ ಭದ್ರವಾಗಿದೆಯೇ ಎಂದು ತಿಳಿಯಲು ಮೇಲೊಂದು ಕೆಳಗೊಂದು ವಿದ್ಯುದ್ವಾಹಕವನ್ನಿಟ್ಟು, ಪ್ರವಾಹಕ್ಕೆ ಎಷ್ಟು ತಡೆಯಿದೆ ಎಂದು ಅಳೆಯುತ್ತಾರೆ. ತಡೆ ಇಳಿದರೆ ಗಾರೆ ಸಡಿಲವಾಯಿತೆಂದು ಅರ್ಥ. ಸರಳವಾದ ಉಪಾಯ, ಆದರೆ ಮುಂದಿನ ಮಾದರಿಗಳಲ್ಲಿ ಹೆಚ್ಚಿನವು ಈ ಜರಡಿಯ ಮೇಲೆಯೇ ನಿಂತಿವೆ.

ಈಗ ಗೋಡೆಗೆ ಕಾವಲುಗಾರನ ಮಾತನ್ನು ಕೇಳಿಸಿ ನೋಡೋಣ. ರಕ್ಷಕ ಕೋಶಗಳು ಸೈಟೊಕೈನುಗಳೆಂಬ ರಾಸಾಯನಿಕ ಸಂದೇಶಗಳ ಮೂಲಕ ಮಾತನಾಡುತ್ತವೆ. ಅವುಗಳಲ್ಲಿ ಗಾಮಾ ಇಂಟರ್‌ಫೆರಾನ್ ಒಂದು. 1989ರಲ್ಲಿಯೇ ಮದಾರಾ ಮತ್ತು ಸ್ಟಾಫರ್ಡ್ ಎಂಬುವರು ಟಿ-84 ಎಂಬ ಇನ್ನೊಂದು ಅರ್ಬುದಕೋಶದ ಗೋಡೆಯ ಮೇಲೆ ಇದನ್ನು ಪ್ರಯೋಗಿಸಿದಾಗ ಗೋಡೆ ಸೋರತೊಡಗಿತು. ಬಟ್ಟಲಿನಲ್ಲಿ ರೋಗಾಣುವಿಲ್ಲ, ವಿಷವಿಲ್ಲ. ಕಾವಲುಗಾರನ ಕೂಗೊಂದೇ ಗೋಡೆಯನ್ನು ಸಡಿಲಿಸಿತ್ತು. ಮುಂದಿನ ಪ್ರಯೋಗಗಳು ಈ ಕ್ರಮವನ್ನು ಇನ್ನೂ ಬಿಡಿಸಿ ತೋರಿಸಿದುವು. ಗಾಮಾ ಇಂಟರ್‌ಫೆರಾನ್ ಗೋಡೆಯ ಕೋಶಗಳನ್ನು ಟಿ.ಎನ್.ಎಫ್. ಎಂಬ ಎರಡನೆಯ ಸಂದೇಶಕ್ಕೆ ಕಿವಿಗೊಡುವಂತೆ ಸಿದ್ಧಗೊಳಿಸುತ್ತದೆ. ಅನಂತರ ಟಿ.ಎನ್.ಎಫ್. ಬಂದಾಗ ಪ್ರತಿ ಕೋಶವೂ ತನ್ನ ಸುತ್ತಲಿನ ನಾರುಪಟ್ಟಿಯನ್ನು ಬಿಗಿದುಕೊಳ್ಳುತ್ತದೆ. ಪಟ್ಟಿ ಬಿಗಿದಂತೆ ನೆರೆಹೊರೆಯ ಕೋಶಗಳ ನಡುವಣ ಕಟ್ಟು ಎಳೆದಂತಾಗಿ ಸಂದು ತೆರೆಯುತ್ತದೆ. ಟಿ.ಎನ್.ಎಫ್. ಅನ್ನು ತಡೆಯುವ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಕ್ಕೆ ಕ್ರೋನ್ ಕಾಯಿಲೆಯ ಚಿಕಿತ್ಸೆಗಾಗಿ 1998ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆ ಔಷಧವು ಉರಿಯೂತದ ಜೊತೆಗೆ ಕರುಳಿನ ಸೋರಿಕೆಯನ್ನೂ ಏಕೆ ತಗ್ಗಿಸುತ್ತದೆಂಬುದು ಈ ಬಟ್ಟಲುಗಳಿಂದ ನಮಗೆ ಅರ್ಥವಾಗುತ್ತದೆ.

ಸಂದೇಶದ ಬದಲು ಕಾವಲುಗಾರನನ್ನೇ ತಂದು ಕೂರಿಸಿದರೆ? 1997ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರ ತಂಡವೊಂದು ಕಾಕೋ-2 ಗೋಡೆಯ ಸಂಗಡ ಇಲಿಯ ಪೇಯರನ ತೇಪೆಯ ರಕ್ಷಕ ಕೋಶಗಳನ್ನು ಸೇರಿಸಿ ಬೆಳೆಸಿತು. ಆಗ ನಡೆದುದು ಯಾರೂ ಮರೆಯಲಾಗದ ಸಂಗತಿ. ಆಹಾರ ಹೀರುವ ಕೋಶಗಳಲ್ಲಿ ಕೆಲವು ತಮ್ಮ ರೂಪವನ್ನೇ ಬದಲಿಸಿ, ಮುಖ್ಯವಾಗಿ ಪೇಯರನ ತೇಪೆಗಳ ಮೇಲೆ ಕಾಣಬರುವ 'ಎಂ' ಕೋಶಗಳಂತಾದುವು. ಸಣ್ಣ ಕಣಗಳನ್ನೂ ಕಾಲರದ ರೋಗಾಣುಗಳನ್ನೂ ಮೇಲಿನಿಂದ ಕೆಳಕ್ಕೆ ಸಾಗಿಸತೊಡಗಿದುವು. ಕರುಳಿನೊಳಗಿನ ವಸ್ತುಗಳ ಮಾದರಿಯನ್ನು ಠಾಣೆಗೆ ಒಪ್ಪಿಸುವುದೇ ನಿಜವಾದ 'ಎಂ' ಕೋಶಗಳ ಕೆಲಸ. ಬಾಗಿಲಿರುವಲ್ಲಿ ಕಾವಲುಗಾರನನ್ನು ನಿಲ್ಲಿಸುವುದು ಲೋಕರೂಢಿ. ಇಲ್ಲಿ ಕಾವಲುಗಾರನು ಬಂದು ನಿಂತುದರಿಂದ ಗೋಡೆಯಲ್ಲಿ ಬಾಗಿಲು ಮೂಡಿತು!

ಇದಕ್ಕೆ ತದ್ವಿರುದ್ಧವಾದ ಪಾಠವೂ ಉಂಟು. ಇಟಲಿಯ ಮಿಲಾನ್ ನಗರದಲ್ಲಿ ಮರಿಯಾ ರೆಸ್ಕಿನ್ಯೊ ಮತ್ತು ಅವರ ಸಂಗಡಿಗರು ಕಾಕೋ-2 ಗೋಡೆಯ ಹಿಂದೆ ಕವಲುಕೋಶಗಳನ್ನು ಇರಿಸಿದರು. ಅವು ಗೋಡೆಯ ಸಂದುಗಳ ನಡುವೆ ತಮ್ಮ ಕವಲುಗಳನ್ನು ತೂರಿಸಿ, ಆಚೆಯ ಬ್ಯಾಕ್ಟೀರಿಯಾಗಳನ್ನು ಹಿಡಿದು ತರುವುದನ್ನು 2001ರಲ್ಲಿ ವರದಿ ಮಾಡಿದರು. ಹೀಗೆ ತೂರುವಾಗ ಗೋಡೆ ಸೋರಲಿಲ್ಲ. ಕವಲುಕೋಶವೇ ಗಾರೆಯ ಪದಾರ್ಥವನ್ನು ತಯಾರಿಸಿಕೊಂಡು ಸಂದನ್ನು ಮುಚ್ಚಿಕೊಳ್ಳುತ್ತಿತ್ತು. 2005ರಲ್ಲಿ ಅದೇ ಬಳಗವು ಇನ್ನೂ ಮುಖ್ಯವಾದ ಸಂಗತಿಯನ್ನು ಕಂಡಿತು. ಒಂಟಿಯಾಗಿ ಬೆಳೆದ ಕವಲುಕೋಶಕ್ಕೆ ಬ್ಯಾಕ್ಟೀರಿಯಾವನ್ನು ತೋರಿಸಿದರೆ ಅದು ಯುದ್ಧದ ಕಹಳೆಯನ್ನೇ ಊದುತ್ತದೆ. ಕರುಳಿನ ಗೋಡೆಯ ಸಹವಾಸದಲ್ಲಿದ್ದ ಕವಲುಕೋಶವಾದರೋ ಅದೇ ಬ್ಯಾಕ್ಟೀರಿಯಾವನ್ನು ಕಂಡು ಸಮಾಧಾನದಿಂದ ವರ್ತಿಸುತ್ತದೆ. ಗೋಡೆಯ ಕೋಶಗಳು ಸ್ರವಿಸುವ ವಸ್ತುಗಳೇ ಈ ಶಿಕ್ಷಣಕ್ಕೆ ಕಾರಣ. ಕ್ರೋನ್ ರೋಗಿಗಳಲ್ಲಿ ಅನೇಕರ ಕರುಳಿನ ಕೋಶಗಳು ಈ ಪಾಠ ಹೇಳುವುದರಲ್ಲಿ ಸೋತಿದ್ದುವು. ಆದುದರಿಂದ ಕರುಳಿನ ಒಳಪದರವನ್ನು ಬರಿಯ ಗೋಡೆಯೆಂದು ನಾನು ಕರೆದುದು ಪೂರ್ತಿ ಸರಿಯಲ್ಲ. ಅದು ಗೋಡೆಯೂ ಹೌದು, ಕಾವಲುಗಾರನಿಗೆ ಪಾಠ ಹೇಳುವ ಗುರುವೂ ಹೌದು. ಈ ಸತ್ಯವು ಗೋಡೆಯನ್ನು ಮಾತ್ರವೇ ಬೆಳೆಸಿದ ಬಟ್ಟಲಿನಿಂದಾಗಲಿ, ಕಾವಲುಗಾರನನ್ನು ಮಾತ್ರವೇ ಬೆಳೆಸಿದ ಬಟ್ಟಲಿನಿಂದಾಗಲಿ ಎಂದಿಗೂ ತಿಳಿಯುತ್ತಿರಲಿಲ್ಲ.

ಇಷ್ಟಾದರೂ ಈ ಮಾದರಿಗಳ ಕೊರತೆಗಳು ಸಣ್ಣವಲ್ಲ. ಕಾಕೋ-2 ಕೋಶ ಅರ್ಬುದದ್ದು. ಅದಕ್ಕೆ ಮುಪ್ಪಿಲ್ಲ, ಉದುರಿಹೋಗುವ ಕಾಲವಿಲ್ಲ. ಅದು ಲೋಳೆಯನ್ನೂ ಸುರಿಸದು. ಲೋಳೆ ಬೇಕೆಂದರೆ ಎಚ್.ಟಿ.-29 ಎಂಬ ಮತ್ತೊಂದು ಅರ್ಬುದಕೋಶದ ಸಂತತಿಯನ್ನು ಅದರೊಡನೆ ಬಿತ್ತಬೇಕು. ಕಾವಲುಗಾರನಾಗಿ ಎಷ್ಟೋ ಪ್ರಯೋಗಶಾಲೆಗಳಲ್ಲಿ ಬಳಸುವ ಟಿ.ಎಚ್.ಪಿ.-1 ಎಂಬ ಕೋಶವು ರಕ್ತಾರ್ಬುದದಿಂದ ನರಳುತ್ತಿದ್ದ ಒಂದು ವರ್ಷದ ಮಗುವಿನದು. ಜಪಾನಿನಲ್ಲಿ 1980ರಲ್ಲಿ ಅದನ್ನು ವರದಿ ಮಾಡಿದರು. ಹೀಗೆ ಅಮೆರಿಕದ ಮುದುಕನ ಗೋಡೆಗೆ ಜಪಾನಿನ ಮಗುವಿನ ಕಾವಲು! ಇದು ನಗುವ ಮಾತಲ್ಲ. ಒಬ್ಬರ 'ಟಿ' ಕೋಶಗಳನ್ನು ಇನ್ನೊಬ್ಬರ ಅಂಗಾಂಶದ ಜೊತೆಗಿಟ್ಟರೆ, ಅವು ಅದನ್ನು ಪರರದೆಂದು ಗುರುತಿಸಿ ಕೊಲ್ಲತೊಡಗುತ್ತವೆ. ಆಗ ನಾವು ನೋಡುತ್ತಿರುವುದು ರೋಗವನ್ನೋ ಬರಿಯ ಅಪರಿಚಯದ ಜಗಳವನ್ನೋ ಎಂದು ಹೇಳುವುದು ಹೇಗೆ?

ಈ ತೊಡಕಿಗೆ ದಾರಿ ದೊರೆತುದು 2009ರಲ್ಲಿ. ಹಾಲೆಂಡಿನ ಉಟ್ರೆಕ್ಟ್ ನಗರದ ಹುಬ್ರೆಕ್ಟ್ ಸಂಸ್ಥೆಯಲ್ಲಿ ಹಾನ್ಸ್ ಕ್ಲೇವರ್ಸರ ಬಳಿ ಕೆಲಸ ಮಾಡುತ್ತಿದ್ದ ಜಪಾನಿನ ತೋಷಿರೋ ಸಾಟೊ ಇಲಿಯ ಕರುಳಿನ ಒಂದೇ ಒಂದು ಮೂಲಕೋಶವನ್ನು ಮೆತ್ತನೆಯ ಲೋಳೆಯಂತಹ ಆಸರೆಯಲ್ಲಿಟ್ಟು, ತಕ್ಕ ಬೆಳವಣಿಗೆಯ ಪದಾರ್ಥಗಳನ್ನು ಉಣಿಸಿದರು. ಆ ಒಂದು ಕೋಶವು ಬೆಳೆದು, ಕುಳಿಗಳೂ ಅಂಕುರದಂತಹ ಭಾಗಗಳೂ ಉಳ್ಳ ಪುಟ್ಟ ಕರುಳಾಯಿತು. ಒಂದು ಕಾಳಿನಲ್ಲಿ ತೆನೆಯೇ ಅಡಗಿರುವಂತೆ ಆ ಕೋಶದಲ್ಲಿ ಪದರದ ಎಲ್ಲ ಬಗೆಯ ಕೋಶಗಳೂ ಅಡಗಿದ್ದುವು. 2011ರಲ್ಲಿ ಮನುಷ್ಯನ ಕರುಳಿನಿಂದಲೂ ಇದನ್ನು ಬೆಳೆಸಿದರು. ಇವಕ್ಕೆ ಆರ್ಗನಾಯ್ಡ್‌ಗಳೆಂದು ಹೆಸರು, ನಾವು ಅಂಗಕಲ್ಪಗಳೆನ್ನಬಹುದು. ಇವು ಅರ್ಬುದದವಲ್ಲ. ಯಾರ ಕರುಳಿನಿಂದ ಬಂದುವೋ ಅವರದೇ ರಕ್ಷಕ ಕೋಶಗಳನ್ನು ಇವುಗಳೊಡನೆ ಸೇರಿಸಬಹುದು. ಇವುಗಳಲ್ಲಿಯೂ ಒಂದು ತೊಡಕುಂಟು. ಅಂಗಕಲ್ಪವು ಮುಚ್ಚಿದ ಗುಂಡು. ಕರುಳಿನ ಒಳಭಾಗ ಅದರ ಹೊಟ್ಟೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಬ್ಯಾಕ್ಟೀರಿಯಾವನ್ನು ಅಲ್ಲಿಗೆ ಸೇರಿಸಲು ಸೂಕ್ಷ್ಮವಾದ ಸೂಜಿಯಿಂದ ಚುಚ್ಚಬೇಕು, ಇಲ್ಲವೆ ಗುಂಡನ್ನು ಬಿಡಿಸಿ ನಮ್ಮ ಹಳೆಯ ಜರಡಿಯ ಮೇಲೆಯೇ ಹಾಸಬೇಕು.

ಅಂಗಕಲ್ಪಗಳಿಂದ ದೊರೆತ ಎರಡು ಫಲಗಳನ್ನು ಮಾತ್ರ ಹೇಳುತ್ತೇನೆ. 2015ರಲ್ಲಿ ಇಲಿಯ ಅಂಗಕಲ್ಪಗಳ ಜೊತೆಗೆ ಒಂದು ಜಾತಿಯ ರಕ್ಷಕ ಕೋಶಗಳನ್ನು ಬೆಳೆಸಿದಾಗ, ಅವು ಸ್ರವಿಸಿದ ಇಂಟರ್‌ಲ್ಯೂಕಿನ್-22 ಎಂಬ ಸಂದೇಶದಿಂದ ಮೂಲಕೋಶಗಳು ಹುರುಪುಗೊಂಡು ಅಂಗಕಲ್ಪಗಳು ಇನ್ನೂ ದೊಡ್ಡವಾದುವು. ಅಂದರೆ ಕಾವಲುಗಾರನು ಯುದ್ಧ ಮಾಡುವುದಲ್ಲದೆ, ಯುದ್ಧದಲ್ಲಿ ಬಿದ್ದ ಗೋಡೆಯನ್ನು ಮತ್ತೆ ಕಟ್ಟುವ ಗಾರೆಕೆಲಸಕ್ಕೂ ನೆರವಾಗುತ್ತಾನೆ. ಎರಡನೆಯದು 2024ರದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸಂಶೋಧಕರು ಮನುಷ್ಯರ ಕರುಳಿನ ಅಂಗಕಲ್ಪದೊಳಗೆ ಅದೇ ವ್ಯಕ್ತಿಯ ಕರುಳಿನಲ್ಲಿಯೇ ನೆಲೆಸಿದ್ದ 'ಟಿ' ಕೋಶಗಳನ್ನು ನೆಲೆಗೊಳಿಸಿದರು. ಅರ್ಬುದವನ್ನು ಕೊಲ್ಲಲು 'ಟಿ' ಕೋಶಗಳನ್ನು ಪ್ರಚೋದಿಸುವ ಕೆಲವು ಹೊಸ ಔಷಧಗಳು ರೋಗಿಯ ಕರುಳನ್ನೂ ಗಾಸಿಗೊಳಿಸುತ್ತವೆ. ಆ ಗಾಸಿಯನ್ನು ಈ ಮಾದರಿಯಲ್ಲಿ ಕಾಣಲು ಸಾಧ್ಯವಾಯಿತು. ರೋಗಿಯ ಹೊಟ್ಟೆಯಲ್ಲಿ ಕಾಣುವುದಕ್ಕಿಂತ ಮುಂಚೆ ಬಟ್ಟಲಿನಲ್ಲಿ ಕಾಣುವುದು ಎಷ್ಟು ಲೇಸೆಂಬುದನ್ನು ಹೇಳಬೇಕಾಗಿಲ್ಲ.

ಕರುಳು ನಿಶ್ಚಲವಾದ ಬಟ್ಟಲಲ್ಲ. ಹಾವಿನಂತೆ ಹಿಸುಕಿ ಹಿಸುಕಿ ಚಲಿಸುತ್ತಿರುತ್ತದೆ, ಅದರೊಳಗೆ ದ್ರವ ಹರಿಯುತ್ತಿರುತ್ತದೆ. ಈ ಚಲನೆಯನ್ನೂ ಸೇರಿಸಿದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ವೀಸ್ ಸಂಸ್ಥೆಯ ಡೊನಾಲ್ಡ್ ಇಂಗ್ಬರ್ ಮತ್ತು ಸಂಗಡಿಗರು. 2012ರಲ್ಲಿ ಅವರು ರಚಿಸಿದ 'ಚಿಪ್ಪಿನ ಮೇಲಣ ಕರುಳು' ಬೆರಳಿನಷ್ಟು ಚಿಕ್ಕದು. ರಬ್ಬರಿನಂತಹ ಪಾರದರ್ಶಕ ವಸ್ತುವಿನಲ್ಲಿ ಎರಡು ಕಾಲುವೆಗಳು, ನಡುವೆ ರಂಧ್ರಗಳುಳ್ಳ ಪೊರೆ, ಅದರ ಮೇಲೆ ಕಾಕೋ-2 ಕೋಶಗಳು. ಕಾಲುವೆಯಲ್ಲಿ ಗಂಟೆಗೆ 30 ಮೈಕ್ರೋಲೀಟರಿನಂತೆ ದ್ರವ ಹರಿಯುತ್ತದೆ. ಪಕ್ಕದ ಗಾಳಿಗೂಡುಗಳು ಪೊರೆಯನ್ನು ಲಯಬದ್ಧವಾಗಿ ಎಳೆದು ಬಿಡುತ್ತವೆ. ಇಷ್ಟು ಮಾಡಿದೊಡನೆ ಮೂರು ವಾರ ಚಪ್ಪಟೆಯಾಗಿ ಕುಳಿತಿರುತ್ತಿದ್ದ ಅದೇ ಕೋಶಗಳು ಕೆಲವೇ ದಿನಗಳಲ್ಲಿ ಮಡಿಕೆಗಳಾಗಿ ಎದ್ದು ಅಂಕುರಗಳಂತಾದುವು.

2016ರಲ್ಲಿ ಇದೇ ಚಿಪ್ಪಿನಲ್ಲಿ ಮಾಡಿದ ಪ್ರಯೋಗವನ್ನು ಮಾದರಿಗಳ ಉಪಯೋಗಕ್ಕೆ ಒಳ್ಳೆಯ ನಿದರ್ಶನವೆಂದು ನಾನು ಎಣಿಸುತ್ತೇನೆ. ಅವರು ಒಂದೊಂದೇ ಅಂಶವನ್ನು ಸೇರಿಸುತ್ತ, ತೆಗೆಯುತ್ತ ಹೋದರು. ರಕ್ಷಕ ಕೋಶಗಳನ್ನು ಮಾತ್ರ ಸೇರಿಸಿದಾಗ ಗೋಡೆಗೆ ಹೆಚ್ಚಿನ ಕೇಡಾಗಲಿಲ್ಲ. ಬ್ಯಾಕ್ಟೀರಿಯಾದ ಕವಚದಲ್ಲಿರುವ ವಿಷವನ್ನು ಮಾತ್ರ ಸೇರಿಸಿದಾಗಲೂ ಅಷ್ಟೇ. ಎರಡನ್ನೂ ಒಟ್ಟಿಗೆ ಸೇರಿಸಿದಾಗ ಅಂಕುರಗಳು ಕುಸಿದು ಗೋಡೆ ಸೋರಿತು. ಎಳೆದು ಬಿಡುವ ಚಲನೆಯನ್ನು ನಿಲ್ಲಿಸಿದಾಗ, ದ್ರವ ಹರಿಯುತ್ತಿದ್ದರೂ ಬ್ಯಾಕ್ಟೀರಿಯಾಗಳು ಮಿತಿಮೀರಿ ಬೆಳೆದುವು. ಜೀವಂತ ಕರುಳಿನಲ್ಲಿ ಬ್ಯಾಕ್ಟೀರಿಯಾವನ್ನೋ ರಕ್ಷಕರನ್ನೋ ಚಲನೆಯನ್ನೋ ಬೇಕೆಂದಾಗ ತೆಗೆದು ಬೇಕೆಂದಾಗ ಸೇರಿಸಲಾಗುವುದೇ? ಮೊದಲು ಕೆಟ್ಟದ್ದು ಗೋಡೆಯೋ ಕಾವಲುಗಾರನೋ ಎಂದು ಹಿಂದೆ ಕೇಳಿದೆನಷ್ಟೆ. ಆ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕೆಂದು ಈ ಚಿಪ್ಪು ಸೂಚಿಸುತ್ತದೆ. ಕೇಡು ಒಬ್ಬೊಬ್ಬರಲ್ಲಿ ಇರಬೇಕಾಗಿಲ್ಲ, ಅವರ ಕೂಟದಲ್ಲಿರಬಹುದು.

ಇಂತಹ ಫಲಗಳಿಂದಾಗಿ ಸರಕಾರಗಳೂ ಮಾದರಿಗಳತ್ತ ಕಣ್ಣು ಹಾಯಿಸಿವೆ. ಹೊಸ ಔಷಧಗಳನ್ನು ಪ್ರಾಣಿಗಳ ಮೇಲೆಯೇ ಪರೀಕ್ಷಿಸಬೇಕೆಂಬ ಕಡ್ಡಾಯವನ್ನು ಅಮೆರಿಕವು 2022ರ ಡಿಸೆಂಬರಿನಲ್ಲಿ ಸಡಿಲಿಸಿತು. ಭಾರತವೂ 2023ರಲ್ಲಿ ತನ್ನ ಔಷಧ ಪರೀಕ್ಷೆಯ ನಿಯಮಗಳನ್ನು ತಿದ್ದಿ, ಅಂಗಕಲ್ಪ ಮತ್ತು ಚಿಪ್ಪುಗಳಂತಹ ವಿಧಾನಗಳಿಗೆ ಮನ್ನಣೆ ಕೊಟ್ಟಿತು. ಹೀಗಿರುವಾಗ ಒಂದು ಪ್ರಶ್ನೆ ನಮಗೆ ಹತ್ತಿರದ್ದಾಗುತ್ತದೆ. ಅದಾವುದೆಂದರೆ, ಬಟ್ಟಲಿನಲ್ಲಿರುವುದು ಯಾರ ಕರುಳು?

ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಟಿ. ಜೇಕಬ್ ಜಾನ್ ಅವರು 1970ರ ದಶಕದಲ್ಲಿಯೇ ಒಂದು ಸಂಗತಿಯನ್ನು ಗಮನಿಸಿದ್ದರು. ಬಾಯಿಗೆ ಹನಿಸುವ ಪೋಲಿಯೋ ಲಸಿಕೆಗೆ ಶ್ರೀಮಂತ ದೇಶಗಳ ಮಕ್ಕಳು ತೋರುವಷ್ಟು ಪ್ರತಿಕ್ರಿಯೆಯನ್ನು ನಮ್ಮ ಮಕ್ಕಳು ತೋರುತ್ತಿರಲಿಲ್ಲ. ಹೆಚ್ಚು ಸಲ ಹನಿಸಬೇಕಾಗುತ್ತಿತ್ತು. ಮಕ್ಕಳ ಭೇದಿಗೆ ಕಾರಣವಾದ ರೋಟಾವೈರಸ್ಸಿಗೆ ಭಾರತದಲ್ಲಿಯೇ ತಯಾರಾದ ಲಸಿಕೆಯ ಪರೀಕ್ಷೆ ದೆಹಲಿ, ಪುಣೆ, ವೆಲ್ಲೂರುಗಳಲ್ಲಿ ನಡೆದು, ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ತೀವ್ರವಾದ ರೋಟಾವೈರಸ್ ಭೇದಿಯಿಂದ ಮೊದಲ ವರ್ಷದಲ್ಲಿ ಅದು ಕೊಟ್ಟ ರಕ್ಷಣೆ ನೂರಕ್ಕೆ ಸುಮಾರು 56. ಲಕ್ಷಾಂತರ ಮಕ್ಕಳಿಗೆ ಇದು ದೊಡ್ಡ ಉಪಕಾರವೇ. ಆದರೆ ಇದೇ ಜಾತಿಯ ಲಸಿಕೆಗಳು ಯೂರೋಪಿನ ಮಕ್ಕಳಿಗೆ ನೂರಕ್ಕೆ 85ಕ್ಕೂ ಮೇಲ್ಪಟ್ಟು ರಕ್ಷಣೆ ಕೊಡುತ್ತವೆ. ಬಾಯಿಯ ಲಸಿಕೆ ಕೆಲಸ ಮಾಡಬೇಕಾದರೆ ಅದು ಕರುಳಿನ ಗೋಡೆಯನ್ನು ಮುಟ್ಟಿ, ಅಲ್ಲಿಯ ಕಾವಲುಗಾರರಿಗೆ ಸುದ್ದಿ ತಲುಪಿಸಬೇಕಷ್ಟೆ. ಶುಚಿಯಿಲ್ಲದ ನೀರು, ಮೇಲಿಂದ ಮೇಲೆ ಬರುವ ಸೋಂಕು, ಅರೆಹೊಟ್ಟೆ ಇವುಗಳಿಂದ ಬಡ ಮಕ್ಕಳ ಕರುಳಿನ ಅಂಕುರಗಳು ಮೊಂಡಾಗಿ, ಗೋಡೆ ಸೋರುತ್ತ, ಕಾವಲುಗಾರರು ಸದಾ ಉದ್ವಿಗ್ನರಾಗಿರುವ ಒಂದು ಸ್ಥಿತಿಯನ್ನು ವೈದ್ಯರು ಗುರುತಿಸಿದ್ದಾರೆ. ಲಸಿಕೆಯ ಸೋಲಿಗೆ ಇದು ಒಂದು ಕಾರಣವಿರಬಹುದೆಂಬುದು ಹಲವರ ಊಹೆ. ನ್ಯೂಯಾರ್ಕಿನಿಂದ ಬಂದ ಕಾಕೋ-2 ಕೋಶವು ಈ ಊಹೆಯನ್ನು ಹೇಗೆ ತಾನೆ ಪರೀಕ್ಷಿಸೀತು? ಅದು ಹಸಿವನ್ನು ಕಂಡಿಲ್ಲ, ಹಳ್ಳಿಯ ಕೆರೆಯ ನೀರನ್ನು ಕುಡಿದಿಲ್ಲ.

ಈ ದಿಕ್ಕಿನಲ್ಲಿಯೂ ಹೆಜ್ಜೆಯಿಟ್ಟಿರುವುದು ಸಂತೋಷದ ಸಂಗತಿ. 2022ರಲ್ಲಿ ಇಂಗ್ಬರರ ಬಳಗವು ಇಂತಹ ಕರುಳಿನ ರೋಗಿಗಳ ಕೋಶಗಳನ್ನೇ ಚಿಪ್ಪಿನಲ್ಲಿ ಬೆಳೆಸಿ, ನಯಾಸಿನಮೈಡ್ ಎಂಬ ಜೀವಸತ್ವವೂ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲವೂ ಇಲ್ಲದ ದ್ರವವನ್ನು ಹರಿಸಿತು. ಆಗ ಗೋಡೆಯ ಬೆಳವಣಿಗೆ ಕುಂಠಿತವಾಗಿ, ಸೋರಿಕೆ ಹೆಚ್ಚಿತು. ಇದನ್ನು ಓದಿದಾಗ ನನಗೆ ನೆನಪಾದುದು ನಯಾಸಿನ್ನಿನ ಕೊರತೆಯಿಂದ ಬರುವ ಪೆಲಾಗ್ರ. ಜೋಳವನ್ನೇ ನಂಬಿದ ದಖ್ಖನಿನ ಬಡವರಲ್ಲಿ ಕಾಣುತ್ತಿದ್ದ ಆ ರೋಗವನ್ನು ಕುರಿತು ಹೈದರಾಬಾದಿನಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯನವರು 1960ರಲ್ಲಿಯೇ ಪ್ರಬಂಧವನ್ನು ಬರೆದಿದ್ದರು. ಆ ರೋಗದ ಲಕ್ಷಣಗಳಲ್ಲಿ ಭೇದಿಯೂ ಒಂದು. ನಮ್ಮ ನಾಡಿನ ಊಟ, ನಮ್ಮ ನೀರು, ನಮ್ಮ ಮಕ್ಕಳ ಕರುಳು ಬಟ್ಟಲಿಗೆ ಬಾರದೆ ನಮ್ಮ ಪ್ರಶ್ನೆಗಳಿಗೆ ಉತ್ತರ ಬರುವಂತಿಲ್ಲ. ಆ ಬಟ್ಟಲುಗಳನ್ನು ನಮ್ಮ ಪ್ರಯೋಗಶಾಲೆಗಳೇ ಕಟ್ಟಬೇಕು.

ಕೊನೆಯದಾಗಿ, ಪ್ರಯೋಗಶಾಲೆಯನ್ನು ಎಂದೂ ಹೊಗದ ನಮ್ಮಂತಹವರಿಗೆ ಇದರಿಂದ ಏನು ಪ್ರಯೋಜನ? ಕರುಳಿಗೆ ಹಿತ, ರೋಗನಿರೋಧಕ ಶಕ್ತಿಗೆ ವರ್ಧಕ, ಪ್ರಯೋಗಶಾಲೆಯಲ್ಲಿ ಸಿದ್ಧಪಟ್ಟಿದೆ ಎಂದು ಸಾರುವ ಪುಡಿ ಪಾನಕಗಳ ಜಾಹೀರಾತುಗಳನ್ನು ನಾವು ದಿನವೂ ನೋಡುತ್ತೇವೆ. ಸಿದ್ಧಪಟ್ಟುದು ಎಲ್ಲಿ? ಜರಡಿಯ ಮೇಲಣ ಅರ್ಬುದಕೋಶದಲ್ಲಿಯೋ, ಇಲಿಯಲ್ಲಿಯೋ, ಮನುಷ್ಯರಲ್ಲಿಯೋ? ಬಟ್ಟಲಿನಲ್ಲಿ ಕಾವಲುಗಾರರು ಇದ್ದರೇ? ಲೋಳೆಯಿತ್ತೇ? ಬ್ಯಾಕ್ಟೀರಿಯಾ ಇದ್ದುವೇ? ಈ ನಾಲ್ಕು ಪ್ರಶ್ನೆಗಳನ್ನು ಕೇಳಲು ವಿಜ್ಞಾನದ ಪದವಿ ಬೇಕಾಗಿಲ್ಲ. ಮಾದರಿಯು ಸುಳ್ಳಲ್ಲ, ಪೂರ್ಣವಾದ ಸತ್ಯವೂ ಅಲ್ಲ. ಅದರೊಳಗೆ ಯಾರನ್ನು ಕೂರಿಸಿದ್ದೇವೆಯೋ ಅವರ ಮಾತನ್ನು ಮಾತ್ರ ಅದು ನಮಗೆ ಕೇಳಿಸುತ್ತದೆ. ಹೊರಗೆ ಉಳಿದವರ ವಿಷಯದಲ್ಲಿ ಮೌನವಾಗಿರುತ್ತದೆ. ಆ ಮೌನವನ್ನು ಇಲ್ಲವೆಂಬ ಉತ್ತರವೆಂದು ತಿಳಿಯದಿರುವುದೇ ವಿವೇಕ. ಅನ್ನವನ್ನೂ ನೆರೆಯವನನ್ನೂ ಕಳ್ಳನನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲ ಕರುಳು ಪ್ರತಿದಿನವೂ ತೋರುತ್ತಿರುವ ವಿವೇಕವೂ ಬಹುಶಃ ಇಂತಹುದೇ.